ಮನೆಯ ಕಂಪ್ಯೂಟರಿನಲ್ಲಿ ಹಂಚಿದ ಫೋಲ್ಡರುಗಳು: ಯಾರಿಗೆ ಎಷ್ಟು ಅನುಮತಿ?

– ಪಶುವೈದ್ಯ ವಿಸ್ತರಣಾಧಿಕಾರಿ

ನಮ್ಮ ಸದಸ್ಯರಲ್ಲಿ ಹಲವರ ಮನೆಗಳಲ್ಲಿ ಈಗ ಒಂದಾದರೂ ಕಂಪ್ಯೂಟರ್ ಇದೆ. ಮಕ್ಕಳ ವಿದ್ಯಾಭ್ಯಾಸಕ್ಕೆಂದು ತಂದದ್ದು ಕ್ರಮೇಣ ಮನೆಯ ಲೆಕ್ಕಪತ್ರದ ಪೆಟ್ಟಿಗೆಯೂ ಆಗಿದೆ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಸಿದ ದಿನಾಂಕ, ಕಿವಿಯೋಲೆಯ 12 ಅಂಕಿಗಳ ಸಂಖ್ಯೆ, ಲಸಿಕೆಯ ವಿವರ, ರಾಸುಗಳ ವಿಮೆ, ಹಾಲಿನ ಬಟವಾಡೆ ಚೀಟಿ, ಪಹಣಿ, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ ಮುಂತಾದವೆಲ್ಲ ಅದರೊಳಗೆ ಸೇರುತ್ತಿವೆ. ಜೊತೆಗೆ ಮನೆಗೆ ವೈಫೈ ಬಂದ ಮೇಲೆ ಒಂದು ಕಂಪ್ಯೂಟರಿನಲ್ಲಿರುವುದನ್ನು ಇನ್ನೊಂದರಿಂದ ಅಥವಾ ಮೊಬೈಲಿನಿಂದ ನೋಡುವ ಅನುಕೂಲವೂ ದೊರೆತಿದೆ.

ಈ ಅನುಕೂಲವನ್ನು ಹೇಗೆ ಹತೋಟಿಯಲ್ಲಿಡಬೇಕೆಂಬುದೇ ಈ ಲೇಖನದ ವಿಷಯ. ಹೆಚ್ಚಿನ ಮನೆಗಳಲ್ಲಿ ಫೋಲ್ಡರನ್ನು ಎಲ್ಲರಿಗೂ ಪೂರ್ತಿ ತೆರೆದಿಟ್ಟಿರುತ್ತಾರೆ, ಇಲ್ಲವೇ ಹೆದರಿ ಯಾರಿಗೂ ಕೊಟ್ಟಿರುವುದಿಲ್ಲ. ಎರಡೂ ಸರಿಯಲ್ಲ. ಪ್ರತಿಯೊಬ್ಬರಿಗೂ ಅವರ ಕೆಲಸಕ್ಕೆ ಬೇಕಾದಷ್ಟು ಮಾತ್ರ ಅನುಮತಿ ಕೊಡುವುದು ಸರಿಯಾದ ಕ್ರಮ. ಇದಕ್ಕೆ ಹಣದ ಖರ್ಚಿಲ್ಲ. ಒಂದು ಭಾನುವಾರದ ಬಿಡುವು ಸಾಕು.

ಹಂಚಿದ ಫೋಲ್ಡರ್ ಎಂದರೇನು?

ಕಡತಗಳನ್ನು ಇಡುವ ಚೀಲವೇ ಫೋಲ್ಡರ್. ಅದು ಒಂದು ಕಂಪ್ಯೂಟರಿನ ಹಾರ್ಡ್‌ಡಿಸ್ಕಿನಲ್ಲಿರುತ್ತದೆ. ಅದನ್ನು ಹಂಚಿದಾಗ, ಅಂದರೆ ಶೇರ್ ಮಾಡಿದಾಗ, ಅದೇ ವೈಫೈ ಅಥವಾ ಅದೇ ತಂತಿಗೆ ಸೇರಿದ ಇತರ ಕಂಪ್ಯೂಟರುಗಳಿಂದಲೂ ಅದನ್ನು ತೆರೆಯಬಹುದು. ಕಡತ ಇರುವ ಜಾಗ ಬದಲಾಗುವುದಿಲ್ಲ. ಅದಕ್ಕೆ ಹೋಗುವ ದಾರಿ ಮಾತ್ರ ಹೆಚ್ಚಾಗುತ್ತದೆ. ದಾರಿ ಹೆಚ್ಚಾದಷ್ಟೂ ಬಾಗಿಲಿನ ಯೋಚನೆ ಮಾಡಬೇಕಾಗುತ್ತದೆ.

ಅಜಾಗರೂಕತೆಯಿಂದ ಆಗುವ ನಷ್ಟ

ಕಂಪ್ಯೂಟರಿನ ಕಳ್ಳತನವೆಂದರೆ ದೂರದ ಯಾರೋ ಮಾಡುವ ಕೆಲಸ ಎಂದು ನಾವು ತಿಳಿಯುತ್ತೇವೆ. ಆದರೆ ಮನೆಯಲ್ಲಿ ನಷ್ಟ ಆಗುವುದು ಹೆಚ್ಚಾಗಿ ಕೈತಪ್ಪಿನಿಂದ. ಎರಡು ಉದಾಹರಣೆಗಳನ್ನು ನೋಡೋಣ.

ಒಂದು ಹಸುವಿಗೆ ಜೂನ್ 10ರಂದು ಗರ್ಭಧಾರಣೆ ಮಾಡಿಸಲಾಗಿದೆ ಎಂದಿಟ್ಟುಕೊಳ್ಳಿ. ಗಬ್ಬದ ಅವಧಿ ಸುಮಾರು 280 ದಿನ. ಅಂದರೆ ಮಾರ್ಚ್ 17ರ ಆಸುಪಾಸಿನಲ್ಲಿ ಕರು ಹಾಕಬೇಕು. ಅದಕ್ಕೆ 60 ದಿನ ಮೊದಲು, ಅಂದರೆ ಜನವರಿ 16ರ ಹೊತ್ತಿಗೆ, ಹಾಲು ಬತ್ತಿಸಬೇಕು. ಮನೆಯ ಹುಡುಗ ಕಡತ ತೆರೆದು ಏನೋ ನೋಡುವಾಗ ಕೈತಾಗಿ ಜೂನ್ ಎಂಬುದು ಜುಲೈ ಆಯಿತು, ಹಾಗೆಯೇ ಸೇವ್ ಕೂಡ ಆಯಿತು. ಆಗ ಮನೆಯವರು ಫೆಬ್ರವರಿ 15ರವರೆಗೂ ಹಾಲು ಕರೆಯುತ್ತಾರೆ. ಹಸುವಿಗೆ 60 ದಿನಗಳ ಬದಲು 30 ದಿನ ಮಾತ್ರ ವಿರಾಮ ಸಿಗುತ್ತದೆ. ಮುಂದಿನ ಸೂಲಿನ ಹಾಲು ಕುಗ್ಗುತ್ತದೆ. ಕಾರಣ ಏನೆಂದು ಯಾರಿಗೂ ತಿಳಿಯುವುದಿಲ್ಲ.

ಇನ್ನೊಂದು ಇದಕ್ಕಿಂತ ಗಂಭೀರ. ಕೆಚ್ಚಲು ಬಾವಿಗೆ ಆಂಟಿಬಯಾಟಿಕ್ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಸೂಚಿಸಿದಷ್ಟು ದಿನ ಸಂಘಕ್ಕೆ ಹಾಕಬಾರದು. ಆ ಚಿಕಿತ್ಸೆಯ ಸಾಲು ಕಡತದಿಂದ ಅಳಿಸಿಹೋದರೆ, ಮರುದಿನ ಹಾಲು ಕರೆಯುವವರು ಗೊತ್ತಿಲ್ಲದೆ ಅದನ್ನೂ ಕ್ಯಾನಿಗೆ ಸುರಿಯುತ್ತಾರೆ. ಒಂದು ಮನೆಯ ತಪ್ಪು ಊರಿನವರೆಲ್ಲರ ಹಾಲಿಗೆ ಬೆರೆಯುತ್ತದೆ.

ಎರಡೂ ಕಡೆ ಯಾರದೂ ದುರುದ್ದೇಶವಿಲ್ಲ. ಕಡತವನ್ನು ಓದಿದರೆ ಸಾಕಾಗಿದ್ದವರಿಗೆ ತಿದ್ದುವ ಅನುಮತಿಯೂ ಇತ್ತು, ಅಷ್ಟೆ. ಇನ್ನು ಪಹಣಿ, ಆಧಾರ್, ಪಾಸ್‌ಪುಸ್ತಕಗಳ ವಿಷಯದಲ್ಲಿ ತಿದ್ದುವುದಿರಲಿ, ಬೇರೆಯವರು ಓದುವುದೇ ತೊಂದರೆ.

ಹಿಂದಿನ ಪದ್ಧತಿಗಳು

ಮನೆ ಮತ್ತು ಸಣ್ಣ ಕಚೇರಿಗಳ ಕಂಪ್ಯೂಟರುಗಳಲ್ಲಿ ಫೋಲ್ಡರ್ ಹಂಚಿಕೆ ವ್ಯಾಪಕವಾದದ್ದು 1990ರ ದಶಕದಲ್ಲಿ. ವಿಂಡೋಸ್ 95ರಲ್ಲಿ ಫೋಲ್ಡರಿಗೇ ಪಾಸ್‌ವರ್ಡ್ ಹಾಕುವ ಪದ್ಧತಿ ಇತ್ತು. ಓದಲು ಒಂದು, ಪೂರ್ಣ ಅಧಿಕಾರಕ್ಕೆ ಇನ್ನೊಂದು. ಪಾಸ್‌ವರ್ಡ್ ಗೊತ್ತಾದವರೆಲ್ಲ ಒಳಗೆ ಬರುತ್ತಿದ್ದರು. ಯಾರು ಬಂದರೆಂದು ಗುರುತಿಸುವಂತಿರಲಿಲ್ಲ. ವಿಂಡೋಸ್ ಎಕ್ಸ್‌ಪಿ ಹೋಮ್ ಆವೃತ್ತಿಯಲ್ಲಿ ಜಾಲದ ಮೂಲಕ ಬಂದವರೆಲ್ಲರನ್ನೂ ಒಂದೇ ಅತಿಥಿ ಖಾತೆಯಾಗಿ ಪರಿಗಣಿಸಲಾಗುತ್ತಿತ್ತು. 2009ರಲ್ಲಿ ವಿಂಡೋಸ್ 7ರ ಜೊತೆ ಹೋಮ್‌ಗ್ರೂಪ್ ಎಂಬ ಸೌಲಭ್ಯ ಬಂದಿತು. ಅದರಲ್ಲಿ ಇಡೀ ಮನೆಗೆ ಒಂದೇ ಪಾಸ್‌ವರ್ಡ್. 2018ರಲ್ಲಿ ವಿಂಡೋಸ್ 10ರಿಂದ ಅದನ್ನು ತೆಗೆದುಹಾಕಲಾಯಿತು.

ಈಗಿನ ಪದ್ಧತಿಯಲ್ಲಿ ಅನುಮತಿ ಇರುವುದು ವ್ಯಕ್ತಿಯ ಹೆಸರಿಗೆ. ಪ್ರತಿಯೊಬ್ಬರಿಗೂ ಒಂದು ಖಾತೆ, ಪ್ರತಿ ಖಾತೆಗೂ ಒಂದು ಪಾಸ್‌ವರ್ಡ್. ಸಂಘದಲ್ಲಿ ಪ್ರತಿ ಉತ್ಪಾದಕರಿಗೂ ಬೇರೆ ಬೇರೆ ಸದಸ್ಯ ಸಂಖ್ಯೆ ಇರುವಂತೆಯೇ ಇದು.

ಎರಡು ಬಾಗಿಲುಗಳು

ವಿಂಡೋಸಿನಲ್ಲಿ ಹಂಚಿದ ಫೋಲ್ಡರಿಗೆ ಒಂದಲ್ಲ, ಎರಡು ಬಾಗಿಲು. ಇದನ್ನು ತಿಳಿದುಕೊಂಡರೆ ಮುಕ್ಕಾಲು ಗೊಂದಲ ಕಳೆಯುತ್ತದೆ.

ಮೊದಲನೆಯದು ಶೇರಿಂಗ್ ಬಾಗಿಲು. ಇದು ಬೀದಿಬಾಗಿಲಿದ್ದಂತೆ. ಜಾಲದ ಮೂಲಕ, ಅಂದರೆ ಇನ್ನೊಂದು ಕಂಪ್ಯೂಟರ್ ಅಥವಾ ಮೊಬೈಲಿನಿಂದ ಬರುವವರನ್ನು ಮಾತ್ರ ಇದು ತಡೆಯುತ್ತದೆ. ಇಲ್ಲಿ ಮೂರು ಹಂತದ ಅನುಮತಿಗಳಿವೆ. ರೀಡ್ ಎಂದರೆ ಓದುವುದು, ನಕಲು ತೆಗೆದುಕೊಳ್ಳುವುದು. ಚೇಂಜ್ ಎಂದರೆ ಓದುವುದರ ಜೊತೆಗೆ ಬರೆಯುವುದು, ತಿದ್ದುವುದು, ಅಳಿಸುವುದು. ಫುಲ್ ಕಂಟ್ರೋಲ್ ಎಂದರೆ ಇವೆಲ್ಲದರ ಜೊತೆಗೆ ಅನುಮತಿಗಳನ್ನೇ ಬದಲಾಯಿಸುವ ಅಧಿಕಾರ.

ಎರಡನೆಯದು ಸೆಕ್ಯುರಿಟಿ ಬಾಗಿಲು. ಇದು ಕೋಣೆಯ ಬಾಗಿಲು. ಜಾಲದಿಂದ ಬಂದವರೂ ಇದನ್ನು ದಾಟಬೇಕು. ಅದೇ ಕಂಪ್ಯೂಟರಿನ ಮುಂದೆ ಕುಳಿತವರೂ ದಾಟಬೇಕು. ಇಲ್ಲಿ ರೀಡ್, ರೈಟ್, ಮಾಡಿಫೈ, ಫುಲ್ ಕಂಟ್ರೋಲ್ ಮುಂತಾದ ಹಂತಗಳಿವೆ. ಮಾಡಿಫೈ ಎಂದರೆ ತಿದ್ದುವುದು ಮತ್ತು ಅಳಿಸುವುದು.

ಇವೆರಡಕ್ಕೂ ಇರುವ ಸಂಬಂಧವನ್ನು ಹೀಗೆ ನೆನಪಿಡಬಹುದು:

1. ಜಾಲದಿಂದ ಬರುವವರಿಗೆ ಎರಡೂ ಬಾಗಿಲುಗಳಲ್ಲಿ ಯಾವುದು ಇಕ್ಕಟ್ಟೋ ಅದೇ ಲೆಕ್ಕ. ಶೇರಿಂಗಿನಲ್ಲಿ ರೀಡ್, ಸೆಕ್ಯುರಿಟಿಯಲ್ಲಿ ಮಾಡಿಫೈ ಇದ್ದರೆ ಅವರು ಓದಬಹುದು ಅಷ್ಟೆ. ಶೇರಿಂಗಿನಲ್ಲಿ ಫುಲ್ ಕಂಟ್ರೋಲ್ ಇದ್ದು ಸೆಕ್ಯುರಿಟಿಯಲ್ಲಿ ಹೆಸರೇ ಇಲ್ಲದಿದ್ದರೆ ಏನೂ ಸಿಗುವುದಿಲ್ಲ.

2. ಅದೇ ಕಂಪ್ಯೂಟರಿನ ಮುಂದೆ ಕುಳಿತವರಿಗೆ ಶೇರಿಂಗ್ ಬಾಗಿಲು ಅನ್ವಯಿಸುವುದೇ ಇಲ್ಲ. ಅವರು ಆಗಲೇ ಮನೆಯೊಳಗಿದ್ದಾರೆ. ಅವರನ್ನು ತಡೆಯುವುದು ಸೆಕ್ಯುರಿಟಿ ಮಾತ್ರ.

3. ಒಂದೇ ಬಾಗಿಲಿನಲ್ಲಿ ಒಬ್ಬರ ಹೆಸರು ಎರಡು ಕಡೆ ಇದ್ದರೆ ಅನುಮತಿಗಳು ಕೂಡಿಕೊಳ್ಳುತ್ತವೆ. ಮಗಳ ಖಾತೆಗೆ ರೀಡ್ ಕೊಟ್ಟು, ಎವೆರಿಒನ್ ಎಂಬ ಗುಂಪಿಗೆ ಚೇಂಜ್ ಬಿಟ್ಟಿದ್ದರೆ ಮಗಳಿಗೂ ಚೇಂಜ್ ಸಿಕ್ಕಂತೆಯೇ. ಎವೆರಿಒನ್ ಎಂದರೆ ಎಲ್ಲರೂ.

4. ಡಿನೈ ಎಂಬ ನಿರಾಕರಣೆಯ ಗುರುತು ಸಾಮಾನ್ಯವಾಗಿ ಅನುಮತಿಯನ್ನು ಮೀರುತ್ತದೆ. ಎವೆರಿಒನ್ ಗುಂಪಿಗೆ ಡಿನೈ ಹಾಕಿದರೆ ಯಜಮಾನರೂ ಹೊರಗೆ ನಿಲ್ಲಬೇಕಾಗುತ್ತದೆ. ಆದ್ದರಿಂದ ಡಿನೈ ಬಳಸದೆ, ಬೇಡದವರ ಹೆಸರನ್ನು ಪಟ್ಟಿಯಿಂದ ತೆಗೆಯುವುದೇ ಒಳ್ಳೆಯದು.

ಮೊದಲು ಕಾಗದದ ಮೇಲೆ ಬರೆಯಿರಿ

ಕಂಪ್ಯೂಟರ್ ಮುಟ್ಟುವ ಮೊದಲು ಮನೆಮಂದಿ ಕುಳಿತು ಒಂದು ಪಟ್ಟಿ ಮಾಡಿಕೊಳ್ಳಬೇಕು. ಯಾವ ಫೋಲ್ಡರ್, ಯಾರು ಬರೆಯಬೇಕು, ಯಾರು ಓದಿದರೆ ಸಾಕು, ಯಾರಿಗೆ ಬೇಡವೇ ಬೇಡ. ನಡುಮನೆಯಲ್ಲಿ ಒಂದು ಕಂಪ್ಯೂಟರ್, ಮಗನ ಹತ್ತಿರ ಒಂದು ಲ್ಯಾಪ್‌ಟಾಪ್, ಕಾಲೇಜಿಗೆ ಹೋಗುವ ಮಗಳ ಹತ್ತಿರ ಒಂದು ಲ್ಯಾಪ್‌ಟಾಪ್, ತಂದೆಯ ಬಳಿ ಮೊಬೈಲ್ ಇರುವ ಮನೆಯನ್ನು ಉದಾಹರಣೆಗೆ ತೆಗೆದುಕೊಂಡರೆ ಪಟ್ಟಿ ಹೀಗಿರಬಹುದು:

ಹೈನು ಫೋಲ್ಡರ್ (ಗರ್ಭಧಾರಣೆ, ಚಿಕಿತ್ಸೆ, ಲಸಿಕೆ, ಹಾಲಿನ ಲೆಕ್ಕ): ಹಸುಗಳನ್ನು ನೋಡಿಕೊಳ್ಳುವ ತಾಯಿ ಮತ್ತು ಮಗ ಬರೆಯಬಹುದು. ತಂದೆ ಮತ್ತು ಮಗಳು ಓದಬಹುದು.

ವಿದ್ಯಾಭ್ಯಾಸ ಫೋಲ್ಡರ್: ಮಗಳು ಬರೆಯಬಹುದು. ಉಳಿದವರಿಗೆ ಓದಲು ಮಾತ್ರ.

ಫೋಟೋ ಫೋಲ್ಡರ್: ಎಲ್ಲರೂ ನೋಡಬಹುದು. ಹೊಸದನ್ನು ಸೇರಿಸುವುದು, ಅಳಿಸುವುದು ಮಗನ ಜವಾಬ್ದಾರಿ.

ಕಾಗದಪತ್ರ ಫೋಲ್ಡರ್ (ಪಹಣಿ, ಪಾಸ್‌ಪುಸ್ತಕ, ಆಧಾರ್, ವಿಮೆ): ತಾಯಿ ಮತ್ತು ತಂದೆಗೆ ಮಾತ್ರ. ಇದನ್ನು ಹಂಚುವುದೇ ಬೇಡ.

ಹಸು ನೋಡಿಕೊಳ್ಳುವವರ ಕೈಯಲ್ಲೇ ಹೈನು ಫೋಲ್ಡರಿನ ಬರೆಯುವ ಅನುಮತಿ ಇರಬೇಕು ಎಂಬುದನ್ನು ಗಮನಿಸಿ. ಮನೆಯ ಯಜಮಾನರೆಂಬ ಕಾರಣಕ್ಕೆ ತಂದೆಗೆ ಎಲ್ಲ ಫೋಲ್ಡರುಗಳಲ್ಲೂ ಪೂರ್ಣ ಅಧಿಕಾರ ಬೇಕಿಲ್ಲ. ಬೆಳಿಗ್ಗೆ ಐದು ಗಂಟೆಗೆ ಕೊಟ್ಟಿಗೆಗೆ ಹೋಗಿ ಬೆದೆ ಗುರುತಿಸುವವರು ತಾಯಿಯಾದರೆ, ದಿನಾಂಕ ಬರೆಯುವವರೂ ಅವರೇ ಆಗಿರಲಿ. ಅವರ ಹೆಸರಿನಲ್ಲೇ ಒಂದು ಖಾತೆ ಇರಲಿ.

ಮಾಡುವ ಕ್ರಮ

ವಿಂಡೋಸ್ 10 ಮತ್ತು 11ರಲ್ಲಿ ಕ್ರಮ ಬಹುತೇಕ ಒಂದೇ. ಪರದೆಯ ಮೇಲೆ ಕಾಣುವ ಇಂಗ್ಲಿಷ್ ಹೆಸರುಗಳನ್ನೇ ಇಲ್ಲಿ ಕನ್ನಡ ಅಕ್ಷರಗಳಲ್ಲಿ ಕೊಡಲಾಗಿದೆ. ಮನೆಯ ಮಕ್ಕಳನ್ನು ಜೊತೆಯಲ್ಲಿ ಕೂರಿಸಿಕೊಂಡು ಮಾಡಿ.

1. ಖಾತೆಗಳು: ಫೋಲ್ಡರ್ ಇರುವ ಕಂಪ್ಯೂಟರಿನಲ್ಲಿ ಪ್ರತಿಯೊಬ್ಬರಿಗೂ ಒಂದು ಖಾತೆ ತೆರೆಯಿರಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ಎಂಬಲ್ಲಿ ಇದಕ್ಕೆ ಅವಕಾಶವಿದೆ. ಮಗಳು ತನ್ನ ಲ್ಯಾಪ್‌ಟಾಪಿನಿಂದ ಬರುವವಳಾದರೂ ಅವಳ ಖಾತೆ ಇರಬೇಕಾದದ್ದು ನಡುಮನೆಯ ಕಂಪ್ಯೂಟರಿನಲ್ಲಿ. ಬಾಗಿಲು ಇರುವುದು ಅಲ್ಲಿ, ಹೆಸರು ಕೇಳುವುದೂ ಅಲ್ಲೇ.

2. ಖಾತೆಯ ದರ್ಜೆ: ಒಬ್ಬರ ಖಾತೆ ಮಾತ್ರ ಅಡ್ಮಿನಿಸ್ಟ್ರೇಟರ್ ಆಗಿರಲಿ. ಉಳಿದವೆಲ್ಲ ಸ್ಟ್ಯಾಂಡರ್ಡ್ ಆಗಿರಲಿ. ಅಡ್ಮಿನಿಸ್ಟ್ರೇಟರ್ ಖಾತೆಯವರು ಯಾವ ಫೋಲ್ಡರಿನ ಒಡೆತನವನ್ನಾದರೂ ವಶಕ್ಕೆ ತೆಗೆದುಕೊಂಡು ಅನುಮತಿ ಬದಲಾಯಿಸಬಲ್ಲರು. ಎಲ್ಲರಿಗೂ ಆ ದರ್ಜೆ ಕೊಟ್ಟರೆ ಮುಂದಿನ ಶ್ರಮವೆಲ್ಲ ವ್ಯರ್ಥ.

3. ಪಾಸ್‌ವರ್ಡ್: ಪ್ರತಿ ಖಾತೆಗೂ ಪಾಸ್‌ವರ್ಡ್ ಇರಲೇಬೇಕು. ಪಾಸ್‌ವರ್ಡ್ ಇಲ್ಲದ ಖಾತೆಗೆ ಜಾಲದ ಮೂಲಕ ಒಳಬರಲು ವಿಂಡೋಸ್ ಸಾಮಾನ್ಯವಾಗಿ ಬಿಡುವುದಿಲ್ಲ. ಕಂಪ್ಯೂಟರ್ ತೆರೆಯಲು ಬಳಸುವ ನಾಲ್ಕಾರು ಅಂಕಿಗಳ ಪಿನ್ ಕೂಡ ಜಾಲದಲ್ಲಿ ನಡೆಯುವುದಿಲ್ಲ. ಅಲ್ಲಿ ಬೇಕಾದದ್ದು ಖಾತೆಯ ಪಾಸ್‌ವರ್ಡ್.

4. ಜಾಲದ ಬಗೆ: ಸೆಟ್ಟಿಂಗ್ಸ್‌ನಲ್ಲಿ ಮನೆಯ ವೈಫೈಯನ್ನು ಪ್ರೈವೇಟ್ ಎಂದು ಗುರುತಿಸಿ. ಬಸ್ ನಿಲ್ದಾಣ, ಹೋಟೆಲು, ಕಾಲೇಜುಗಳ ವೈಫೈ ಪಬ್ಲಿಕ್ ಆಗಿಯೇ ಇರಲಿ. ಪಬ್ಲಿಕ್ ಜಾಲಕ್ಕೆ ಕಡತ ಹಂಚಿಕೆ ಮುಚ್ಚಿರಬೇಕು.

5. ಪಾಸ್‌ವರ್ಡ್ ಕೇಳುವ ಹಂಚಿಕೆ: ಅಡ್ವಾನ್ಸ್‌ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಎಂಬುದು ಆನ್ ಆಗಿರಬೇಕು.

6. ಶೇರಿಂಗ್ ಬಾಗಿಲು: ಹೈನು ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ಆರಿಸಿ. ಶೇರಿಂಗ್, ನಂತರ ಅಡ್ವಾನ್ಸ್‌ಡ್ ಶೇರಿಂಗ್ ಒತ್ತಿ, ಶೇರ್ ದಿಸ್ ಫೋಲ್ಡರ್ ಎಂಬಲ್ಲಿ ಗುರುತು ಹಾಕಿ. ಪರ್ಮಿಷನ್ಸ್ ಒತ್ತಿದರೆ ಎವೆರಿಒನ್ ಎಂಬ ಹೆಸರು ಕಾಣುತ್ತದೆ. ಅದನ್ನು ರಿಮೂವ್ ಮಾಡಿ. ಆಡ್ ಒತ್ತಿ ತಾಯಿ ಮತ್ತು ಮಗನ ಖಾತೆಗಳನ್ನು ಸೇರಿಸಿ ಚೇಂಜ್ ಕೊಡಿ. ತಂದೆ ಮತ್ತು ಮಗಳ ಖಾತೆಗಳನ್ನು ಸೇರಿಸಿ ರೀಡ್ ಕೊಡಿ.

7. ಸೆಕ್ಯುರಿಟಿ ಬಾಗಿಲು: ಅದೇ ಪ್ರಾಪರ್ಟೀಸ್ ಕಿಟಕಿಯಲ್ಲಿ ಸೆಕ್ಯುರಿಟಿ ಆರಿಸಿ. ಫೋಲ್ಡರ್ ಡಿ ಡ್ರೈವಿನಲ್ಲಿದ್ದರೆ ಆಥೆಂಟಿಕೇಟೆಡ್ ಯೂಸರ್ಸ್, ಯೂಸರ್ಸ್ ಎಂಬ ಗುಂಪುಗಳು ಅಲ್ಲಿ ಆಗಲೇ ಇರುವುದು ಸಾಮಾನ್ಯ. ಇವು ಮೇಲಿನ ಡ್ರೈವಿನಿಂದ ತಾನಾಗಿ ಇಳಿದು ಬಂದ ಅನುಮತಿಗಳು. ಇವುಗಳಿಂದಾಗಿ ಆ ಕಂಪ್ಯೂಟರಿನಲ್ಲಿ ಖಾತೆ ಇರುವ ಯಾರಾದರೂ ಕಡತ ತಿದ್ದಬಹುದು. ಅಡ್ವಾನ್ಸ್‌ಡ್ ಒತ್ತಿ ಡಿಸೇಬಲ್ ಇನ್ಹೆರಿಟೆನ್ಸ್ ಆರಿಸಿ. ಇರುವ ಅನುಮತಿಗಳನ್ನು ಉಳಿಸಿಕೊಳ್ಳುವ ಕನ್ವರ್ಟ್ ಎಂಬ ಆಯ್ಕೆಯನ್ನು ಒತ್ತಿ. ನಂತರ ಈ ಎರಡು ಗುಂಪುಗಳನ್ನು ಮಾತ್ರ ತೆಗೆದು, ಮನೆಯವರ ಖಾತೆಗಳನ್ನು ಸೇರಿಸಿ. ಬರೆಯುವವರಿಗೆ ಮಾಡಿಫೈ, ಓದುವವರಿಗೆ ರೀಡ್ ಆ್ಯಂಡ್ ಎಕ್ಸಿಕ್ಯೂಟ್. ಸಿಸ್ಟಮ್, ಅಡ್ಮಿನಿಸ್ಟ್ರೇಟರ್ಸ್ ಎಂಬ ಹೆಸರುಗಳನ್ನು ಮುಟ್ಟಬೇಡಿ.

8. ಪರೀಕ್ಷೆ: ಪ್ರತಿಯೊಬ್ಬರ ಖಾತೆಯಿಂದಲೂ ಪ್ರವೇಶಿಸಿ ನೋಡಿ. ಮಗಳ ಲ್ಯಾಪ್‌ಟಾಪಿನಿಂದ ಹೈನು ಫೋಲ್ಡರ್ ತೆರೆಯಬೇಕು, ಅದರಲ್ಲಿ ಹೊಸ ಕಡತ ಇಡಲು ಹೋದರೆ ಅನುಮತಿ ಇಲ್ಲ ಎನ್ನಬೇಕು. ಒಳಗೆ ಬರಬೇಕಾದವರು ಬರುತ್ತಾರೆಯೇ ಎಂದು ನೋಡಿದರೆ ಸಾಲದು. ಬರಬಾರದವರು ಹೊರಗೇ ನಿಲ್ಲುತ್ತಾರೆಯೇ ಎಂದೂ ನೋಡಬೇಕು.

ಕಾಗದಪತ್ರ ಫೋಲ್ಡರಿಗೆ ಇಷ್ಟೆಲ್ಲ ಶ್ರಮ ಬೇಡ. ಅದನ್ನು ತಾಯಿಯ ಅಥವಾ ತಂದೆಯ ಖಾತೆಯ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲೇ ಇಡಿ. ಆ ಜಾಗ ಬೇರೆ ಸ್ಟ್ಯಾಂಡರ್ಡ್ ಖಾತೆಗಳಿಗೆ ಮೊದಲಿನಿಂದಲೇ ಮುಚ್ಚಿರುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಅ) ತೆರೆಯುತ್ತಿಲ್ಲವೆಂದು ಎಲ್ಲವನ್ನೂ ತೆರೆದುಬಿಡುವುದು. ಪಾಸ್‌ವರ್ಡ್ ಕೇಳಿ ಕಿರಿಕಿರಿಯಾದಾಗ ಕೆಲವರು ಪಾಸ್‌ವರ್ಡ್ ಕೇಳುವುದನ್ನೇ ನಿಲ್ಲಿಸಿ, ಎವೆರಿಒನ್ ಗುಂಪಿಗೆ ಫುಲ್ ಕಂಟ್ರೋಲ್ ಕೊಡುತ್ತಾರೆ. ಕೆಲಸ ತಕ್ಷಣ ಆಗುತ್ತದೆ, ಬಾಗಿಲು ಶಾಶ್ವತವಾಗಿ ತೆರೆದಿರುತ್ತದೆ. ನಿಜವಾದ ಕಾರಣ ಹೆಚ್ಚಾಗಿ ಮೇಲೆ ಹೇಳಿದ ಮೂರನೇ ಅಂಶದಲ್ಲಿರುತ್ತದೆ: ಖಾಲಿ ಪಾಸ್‌ವರ್ಡ್ ಅಥವಾ ಪಿನ್.

ಆ) ಇಡೀ ಡ್ರೈವನ್ನು ಹಂಚುವುದು. ಮುಂದೆ ಅದರೊಳಗೆ ಏನೇ ಇಟ್ಟರೂ ಅದೂ ಹಂಚಿಕೆಯಾಗುತ್ತದೆ. ಬೇಕಾದ ಫೋಲ್ಡರನ್ನು ಮಾತ್ರ ಹಂಚಬೇಕು.

ಇ) ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಸೇರಿಸಿದರೆ ಸುರಕ್ಷಿತವೆಂದು ನಂಬುವುದು. ಹಾಗೆ ಮಾಡಿದರೆ ಫೋಲ್ಡರ್ ಪಟ್ಟಿಯಲ್ಲಿ ಕಾಣುವುದಿಲ್ಲ, ನಿಜ. ಆದರೆ ಹೆಸರು ಗೊತ್ತಿದ್ದು ಅನುಮತಿಯೂ ಇದ್ದವರಿಗೆ ತೆರೆಯುತ್ತದೆ. ಮರೆಮಾಡುವುದು ಬೇರೆ, ಬೀಗ ಹಾಕುವುದು ಬೇರೆ.

ಈ) ಪೆನ್‌ಡ್ರೈವನ್ನು ಹಂಚುವುದು. ಸಾಮಾನ್ಯ ಪೆನ್‌ಡ್ರೈವುಗಳಿಗೆ ಸೆಕ್ಯುರಿಟಿ ಬಾಗಿಲೇ ಇರುವುದಿಲ್ಲ. ಬೀದಿಬಾಗಿಲು ಒಂದೇ ಗತಿ.

ಉ) ಕಡತವನ್ನು ಕಟ್ ಮಾಡಿ ಬೇರೆ ಫೋಲ್ಡರಿಗೆ ಒಯ್ಯುವುದು. ಅದೇ ಡ್ರೈವಿನೊಳಗೆ ಹೀಗೆ ಒಯ್ದ ಕಡತಕ್ಕೆ ಹಳೆಯ ಅನುಮತಿಯೇ ಉಳಿಯಬಹುದು. ನಕಲು ಮಾಡಿ ಹೊಸ ಜಾಗದಲ್ಲಿಟ್ಟರೆ ಅಲ್ಲಿಯ ಅನುಮತಿ ಬರುತ್ತದೆ. ಆಮೇಲೆ ಹಳೆಯದನ್ನು ಅಳಿಸಿ.

ಊ) ಬೇರೆಯವರ ಲ್ಯಾಪ್‌ಟಾಪಿನಿಂದ ಪ್ರವೇಶಿಸುವಾಗ ರಿಮೆಂಬರ್ ಮೈ ಕ್ರೆಡೆನ್ಶಿಯಲ್ಸ್ ಎಂಬಲ್ಲಿ ಗುರುತು ಹಾಕುವುದು. ನಮ್ಮ ಪಾಸ್‌ವರ್ಡ್ ಅಲ್ಲಿಯೇ ಉಳಿದುಬಿಡುತ್ತದೆ.

ವೈಫೈ ಎಂಬ ಬೇಲಿ

ಹೊಸದಾಗಿ ಕೊಂಡು ತಂದ ಹಸುವನ್ನು ನಾವು ನೇರವಾಗಿ ಕೊಟ್ಟಿಗೆಗೆ ಬಿಡುವುದಿಲ್ಲ. ಕೆಲವು ದಿನ ಬೇರೆ ಕಟ್ಟಿ ನೋಡುತ್ತೇವೆ. ಆದರೆ ಮನೆಗೆ ಬಂದ ನೆಂಟರು, ಪಕ್ಕದ ಮನೆಯ ಹುಡುಗರು ಕೇಳಿದ ಕೂಡಲೇ ವೈಫೈ ಪಾಸ್‌ವರ್ಡ್ ಹೇಳಿಬಿಡುತ್ತೇವೆ. ಆ ಕ್ಷಣದಿಂದ ಅವರ ಫೋನು ನಮ್ಮ ಜಾಲದೊಳಗಿರುತ್ತದೆ. ಅದರಲ್ಲಿ ಏನು ರೋಗವಿದೆಯೋ ನಮಗೆ ತಿಳಿಯದು.

ಈಗಿನ ಹಲವು ರೌಟರುಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಎಂಬ ಅತಿಥಿ ಜಾಲದ ಸೌಲಭ್ಯವಿದೆ. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇಡಬಹುದು. ಸರಿಯಾಗಿ ಹೊಂದಿಸಿದರೆ ಅತಿಥಿಗಳಿಗೆ ಇಂಟರ್‌ನೆಟ್ ಸಿಗುತ್ತದೆ, ಮನೆಯ ಕಂಪ್ಯೂಟರುಗಳು ಕಾಣುವುದಿಲ್ಲ. ನೆಂಟರಿಗೆ ಅದನ್ನೇ ಕೊಡಿ. ರೌಟರಿನ ಜೊತೆ ಬಂದ ಅಡ್ಮಿನ್ ಪಾಸ್‌ವರ್ಡನ್ನು ಬದಲಾಯಿಸಿ. ಮನೆಯ ಫೋಲ್ಡರುಗಳನ್ನು ಹೊರ ಊರಿನಿಂದ ನೋಡಲೆಂದು ರೌಟರಿನಲ್ಲಿ 445ನೇ ಪೋರ್ಟನ್ನು ತೆರೆಯುವುದು ಅಪಾಯಕರ. ಕಡತ ಹಂಚಿಕೆ ನಡೆಯುವ ದಾರಿ ಅದೇ. ಅದನ್ನು ಇಂಟರ್‌ನೆಟ್ಟಿಗೆ ತೆರೆಯಬಾರದು.

ಸಾಂಕ್ರಾಮಿಕ ರೋಗದ ಪಾಠ

2017ರ ಮೇ 12ರಂದು ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಹರಡತೊಡಗಿತು. ಕೆಲವೇ ದಿನಗಳಲ್ಲಿ ಅದು 150ರಷ್ಟು ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ತಗುಲಿತು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳ ಕೆಲಸವೇ ಅಸ್ತವ್ಯಸ್ತವಾಯಿತು. ಅದು ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸಿಕೊಡಲು ಹಣ ಕೇಳುತ್ತಿತ್ತು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಅದು ಹಾರಿದ್ದು ಕಡತ ಹಂಚಿಕೆಯ ಹಳೆಯ ಪದ್ಧತಿಯಾದ ಎಸ್‌ಎಂಬಿ 1ರಲ್ಲಿದ್ದ ಒಂದು ದೋಷದ ಮೂಲಕ. ಮೈಕ್ರೋಸಾಫ್ಟ್ ಆ ದೋಷಕ್ಕೆ ಪರಿಹಾರವನ್ನು ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಸುಮಾರು ಎರಡು ತಿಂಗಳು ಮೊದಲೇ ಲಸಿಕೆ ಸಿದ್ಧವಿತ್ತು. ಹಾಕಿಸಿಕೊಳ್ಳದ ಕಂಪ್ಯೂಟರುಗಳಿಗೆ ರೋಗ ಬಂತು. ಕಾಲುಬಾಯಿ ಜ್ವರದ ಲಸಿಕೆಯ ವಿಷಯದಲ್ಲಿ ನಾವು ವರ್ಷವರ್ಷವೂ ಹೇಳುವ ಮಾತು ಇದೇ ಅಲ್ಲವೇ?

ಇದರಿಂದ ಕಲಿಯಬೇಕಾದದ್ದು ಮೂರು.

ಮೊದಲನೆಯದಾಗಿ, ವಿಂಡೋಸ್ ಅಪ್‌ಡೇಟ್‌ಗಳನ್ನು ತಡಮಾಡದೆ ಹಾಕಿಕೊಳ್ಳಬೇಕು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಇವು ಇರುವ ಮನೆಗಳು ಮುಖ್ಯ ಕಡತಗಳನ್ನು ಹೊಸ ಆವೃತ್ತಿಯಿರುವ ಕಂಪ್ಯೂಟರಿಗೆ ಸಾಗಿಸುವುದು ಒಳಿತು.

ಎರಡನೆಯದಾಗಿ, ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್ ಎಂಬ ಪಟ್ಟಿಯಲ್ಲಿ ಎಸ್‌ಎಂಬಿ 1.0 ಎಂಬುದರ ಮುಂದೆ ಗುರುತಿದ್ದರೆ ತೆಗೆಯಿರಿ. ಈಗಿನ ಕಂಪ್ಯೂಟರುಗಳಿಗೆ ಅದು ಬೇಕಿಲ್ಲ.

ಮೂರನೆಯದು ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಇಂಥ ತಂತ್ರಾಂಶ ಮಗಳ ಲ್ಯಾಪ್‌ಟಾಪಿಗೆ ಬಂತೆಂದು ಊಹಿಸಿ. ಅದು ಮಗಳ ಖಾತೆಯ ಹೆಸರಿನಲ್ಲೇ ಹಂಚಿದ ಫೋಲ್ಡರುಗಳಿಗೂ ಕೈ ಹಾಕುತ್ತದೆ. ಮಗಳಿಗೆ ಹೈನು ಫೋಲ್ಡರಿನಲ್ಲಿ ಓದುವ ಅನುಮತಿ ಮಾತ್ರ ಇದ್ದರೆ, ಆ ಖಾತೆಯ ಮೂಲಕ ಅದಕ್ಕೂ ಓದಲಷ್ಟೇ ಸಾಧ್ಯ. ಕಡತ ಉಳಿಯುತ್ತದೆ. ಬರೆಯುವ ಅನುಮತಿ ಇದ್ದರೆ ವರ್ಷಗಳ ದಾಖಲೆ ಒಂದೇ ಗಂಟೆಯಲ್ಲಿ ಹೋಗಬಹುದು. ಬೇಕಾದಷ್ಟೇ ಅನುಮತಿ ಕೊಡುವುದು ಮನೆಯವರ ಮೇಲಿನ ಅಪನಂಬಿಕೆಯಿಂದಲ್ಲ, ಈ ಕಾರಣಕ್ಕಾಗಿ.

ಅನುಮತಿ ಎಷ್ಟೇ ಸರಿಯಿದ್ದರೂ ಬೇರೊಂದು ಪ್ರತಿ ಇರಬೇಕು. ವಾರಕ್ಕೊಮ್ಮೆ ಹೈನು ಮತ್ತು ಕಾಗದಪತ್ರ ಫೋಲ್ಡರುಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಅದನ್ನು ಕಳಚಿ ಬೀರುವಿನಲ್ಲಿಡಿ. ಕಂಪ್ಯೂಟರಿಗೆ ಸದಾ ಚುಚ್ಚಿಟ್ಟ ಡಿಸ್ಕಿಗೂ ಅದೇ ರೋಗ ತಗಲುತ್ತದೆ.

ಸಂಘದ ಲೆಕ್ಕ ಮನೆಗೆ ಬಂದಾಗ

ಕೆಲವು ಸಂಘಗಳ ಕಾರ್ಯದರ್ಶಿಗಳು ತಿಂಗಳ ಕೊನೆಯ ಕೆಲಸವನ್ನು ಮನೆಯ ಕಂಪ್ಯೂಟರಿನಲ್ಲಿ ಮುಗಿಸುವುದುಂಟು. ಆ ಕಡತದಲ್ಲಿ ಸದಸ್ಯರೆಲ್ಲರ ಬ್ಯಾಂಕ್ ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ, ಬಟವಾಡೆಯ ಮೊತ್ತ ಇರುತ್ತವೆ. ಅದು ಕಾರ್ಯದರ್ಶಿಯವರ ಸ್ವಂತ ಸ್ವತ್ತಲ್ಲ, ಸದಸ್ಯರದು. ಅಂಥ ಕಡತವನ್ನು ಮನೆಯ ಹಂಚಿದ ಫೋಲ್ಡರಿನಲ್ಲಿ ಯಾವ ಕಾರಣಕ್ಕೂ ಇಡಬಾರದು. ತಮ್ಮ ಒಬ್ಬರದೇ ಖಾತೆಯೊಳಗೆ ಇಟ್ಟು, ಕೆಲಸ ಮುಗಿದ ಮೇಲೆ ಸಂಘದ ಕಂಪ್ಯೂಟರಿಗೆ ಸೇರಿಸಿ, ಮನೆಯ ಪ್ರತಿಯನ್ನು ಅಳಿಸಬೇಕು. ಆಡಳಿತ ಮಂಡಳಿಯವರು ಈ ಬಗ್ಗೆ ಸಭೆಯಲ್ಲಿ ಒಮ್ಮೆ ಚರ್ಚಿಸುವುದು ಸೂಕ್ತ.

ಪ್ರಶ್ನೋತ್ತರ

ಪ್ರಶ್ನೆ: ಮೊಬೈಲಿನಿಂದ ಹೈನು ಫೋಲ್ಡರ್ ನೋಡಬಹುದೇ?
ಉತ್ತರ: ನೋಡಬಹುದು. ಫೈಲ್ ಮ್ಯಾನೇಜರ್ ಆ್ಯಪ್‌ಗಳಲ್ಲಿ ಕೆಲವಕ್ಕೆ ಈ ಸಾಮರ್ಥ್ಯವಿದೆ. ಮೊಬೈಲಿನಲ್ಲಿ ಓದುವ ಅನುಮತಿ ಮಾತ್ರ ಇರುವ ಖಾತೆಯನ್ನೇ ಬಳಸಿ. ಫೋನು ಕಳೆದುಹೋದರೆ ಆ ಖಾತೆಯ ಪಾಸ್‌ವರ್ಡನ್ನು ಕೂಡಲೇ ಬದಲಾಯಿಸಿ.

ಪ್ರಶ್ನೆ: ಯಾವ ಯಾವ ಫೋಲ್ಡರುಗಳನ್ನು ಹಂಚಿದ್ದೇವೆಂದು ಮರೆತಿದ್ದರೆ?
ಉತ್ತರ: ಕಮ್ಯಾಂಡ್ ಪ್ರಾಂಪ್ಟ್ ತೆರೆದು ನೆಟ್ ಶೇರ್ ಎಂಬ ಎರಡು ಪದಗಳನ್ನು ನಡುವೆ ಜಾಗ ಬಿಟ್ಟು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿ. ಪಟ್ಟಿ ಬರುತ್ತದೆ. ಅದರಲ್ಲಿ ಸಿ ಡಾಲರ್, ಅಡ್ಮಿನ್ ಡಾಲರ್, ಐಪಿಸಿ ಡಾಲರ್ ಎಂಬವು ವಿಂಡೋಸ್ ತಾನೇ ಮಾಡಿಕೊಂಡವು. ಉಳಿದವು ಹೆಚ್ಚಾಗಿ ನಿಮ್ಮವು. ಬೇಡದ್ದನ್ನು ನಿಲ್ಲಿಸಿ.

ಪ್ರಶ್ನೆ: ಕಂಪ್ಯೂಟರನ್ನು ರಿಪೇರಿಗೆ ಕೊಟ್ಟಾಗ ಈ ಅನುಮತಿಗಳು ಕಾಪಾಡುತ್ತವೆಯೇ?
ಉತ್ತರ: ಪೂರ್ತಿಯಾಗಿ ಇಲ್ಲ. ಹಾರ್ಡ್‌ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ, ಗೂಢಲಿಪಿಯ ರಕ್ಷಣೆ ಇಲ್ಲದ ಕಡತಗಳನ್ನು ಓದಬಹುದು. ರಿಪೇರಿಗೆ ಕೊಡುವ ಮೊದಲು ಕಾಗದಪತ್ರಗಳನ್ನು ಬೇರೆಡೆ ನಕಲು ಮಾಡಿಟ್ಟುಕೊಳ್ಳಿ. ಸಾಧ್ಯವಾದರೆ ನಿಮ್ಮ ಎದುರಿಗೇ ರಿಪೇರಿ ಮಾಡಿಸಿ.

ಪ್ರಶ್ನೆ: ಮಗಳು ಮದುವೆಯಾಗಿ ಹೋದಳು, ಮಗ ಹೊಸ ಲ್ಯಾಪ್‌ಟಾಪ್ ತಂದ. ಏನು ಮಾಡಬೇಕು?
ಉತ್ತರ: ಅನುಮತಿ ಇರುವುದು ಖಾತೆಗೆ, ಯಂತ್ರಕ್ಕಲ್ಲ. ಮಗ ಹೊಸ ಲ್ಯಾಪ್‌ಟಾಪಿನಿಂದ ಹಳೆಯ ಹೆಸರು, ಪಾಸ್‌ವರ್ಡ್ ಕೊಟ್ಟರೆ ಸಾಕು. ಮಗಳ ಖಾತೆ ಇನ್ನು ಬೇಡವೆನಿಸಿದರೆ ಅವಳ ಕಡತಗಳನ್ನು ನಕಲು ಮಾಡಿಕೊಟ್ಟು ಖಾತೆಯನ್ನು ತೆಗೆಯಿರಿ. ಹಳೆಯ ಲ್ಯಾಪ್‌ಟಾಪನ್ನು ಮಾರುವುದಾದರೆ ಅದನ್ನು ಪೂರ್ತಿ ಅಳಿಸಿ ಮಾರಿ.

ನೆನಪಿನಲ್ಲಿಡಬೇಕಾದ ಅಂಶಗಳು

* ಪ್ರತಿಯೊಬ್ಬರಿಗೂ ಸ್ವಂತ ಖಾತೆ, ಸ್ವಂತ ಪಾಸ್‌ವರ್ಡ್ ಇರಲಿ.
* ಎವೆರಿಒನ್ ಹೆಸರನ್ನು ಹಂಚಿಕೆಯ ಪಟ್ಟಿಯಿಂದ ತೆಗೆಯಿರಿ.
* ಬರೆಯುವವರು ಕಡಿಮೆ, ಓದುವವರು ಬೇಕಾದಷ್ಟು.
* ಶೇರಿಂಗ್, ಸೆಕ್ಯುರಿಟಿ ಎರಡನ್ನೂ ನೋಡಿ.
* ಕಾಗದಪತ್ರಗಳನ್ನು ಹಂಚಬೇಡಿ.
* ಅತಿಥಿಗಳಿಗೆ ಅತಿಥಿ ವೈಫೈ ಮಾತ್ರ.
* ಕಳಚಿಟ್ಟ ಡಿಸ್ಕಿನಲ್ಲಿ ವಾರಕ್ಕೊಂದು ಪ್ರತಿ ಇರಲಿ.

ಇಷ್ಟನ್ನೂ ಒಂದೇ ದಿನ ಮಾಡಲಾಗದಿದ್ದರೆ, ಈ ವಾರ ಹೈನು ಫೋಲ್ಡರ್ ಒಂದನ್ನಾದರೂ ಸರಿಪಡಿಸಿ. ಚಿಕಿತ್ಸೆಯ ದಿನಾಂಕವನ್ನು ಕೊಟ್ಟಿಗೆಯ ಗೋಡೆಯ ಕ್ಯಾಲೆಂಡರಿನಲ್ಲೂ ಬರೆದಿಡುವ ಅಭ್ಯಾಸವನ್ನು ಬಿಡಬೇಡಿ. ಕರೆಂಟು ಹೋದ ದಿನವೂ ಹಾಲು ಕರೆಯುವವರಿಗೆ ಅದು ಕಾಣುತ್ತದೆ.